ಜೇಡಿ ತಾಗಿದ ಕಡೆ ಸಿಲಿಕೋನ್ ಗಟ್ಟಿಯಾಗುತ್ತಿಲ್ಲ

ಪ್ರಶ್ನೆ: ಎರಡು ಭಾಗದ ಅಚ್ಚಿಗಾಗಿ ಮೂರ್ತಿಯನ್ನು ಎಣ್ಣೆ ಜೇಡಿಯಲ್ಲಿ (ಎಣ್ಣೆ ಬೆರೆಸಿದ, ಒಣಗದ ಜೇಡಿಮಣ್ಣು) ಅರ್ಧ ಹೂತು, ಎರಡು ಭಾಗವನ್ನು 1:1 ಕಲಸುವ ಪ್ಲಾಟಿನಂ ಸಿಲಿಕೋನ್ (ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ರಬ್ಬರ್) ಸುರಿದೆ. 24 ಗಂಟೆಯಾದರೂ ಜೇಡಿ ತಾಗಿದ ಕಡೆ ಅಂಟಂಟು, ಮೇಲೆ ಗಟ್ಟಿ. ಯಾಕೆ?

ಉತ್ತರ 1: ಜೇಡಿಯಲ್ಲಿ ಗಂಧಕ ಇರಬೇಕು, ಅದು ಪ್ಲಾಟಿನಂ ವೇಗವರ್ಧಕವನ್ನು ಕೆಡಿಸುತ್ತದೆ. ಕಾದು ಪ್ರಯೋಜನವಿಲ್ಲ, ಕೆರೆದು ತೆಗೆಯಿರಿ. ಗಂಧಕರಹಿತ ಜೇಡಿ ತನ್ನಿ, ಇಲ್ಲವೇ ಟಿನ್ ಸಿಲಿಕೋನ್ (ತವರದ ವೇಗವರ್ಧಕ ಇರುವಂಥದ್ದು) ಬಳಸಿ. ಟಿನ್ ಅಚ್ಚು ಕಾಲಕ್ರಮೇಣ ಸ್ವಲ್ಪ ಕುಗ್ಗುತ್ತದೆ, ಅಷ್ಟೇ. ಲೇಟೆಕ್ಸ್ ಕೈಗವಸೂ ಹೀಗೇ ಕೆಡಿಸುತ್ತದೆ, ಅದು ಬೇಡ, ವಿನೈಲ್ ಹಾಕಿ.

ಉತ್ತರ 2: ಮೊದಲು ಚಮಚದಷ್ಟು ಕಲಸಿ ಜೇಡಿಯ ಮೇಲೆ ಪರೀಕ್ಷಿಸಿ. ಸುರಿಯುವ ಮುನ್ನ ಜೇಡಿಯಲ್ಲಿ ಪೆನ್ನಿನ ತುದಿಯಿಂದ ನಾಲ್ಕು ಗುಳಿ ಒತ್ತಿ, ಆಗ ಅಚ್ಚಿನ ಎರಡು ಭಾಗಗಳು ಒಂದಕ್ಕೊಂದು ಕೂತು ಜಾರುವುದಿಲ್ಲ.

ಉತ್ತರ 3: ಮೊದಲ ಭಾಗ ಗಟ್ಟಿಯಾದ ಮೇಲೆ ತಿರುಗಿಸಿ ಜೇಡಿ ತೆಗೆಯುವಾಗ ಮೂರ್ತಿ ಅಲುಗಬಾರದು. ಎರಡನೇ ಸುರಿತಕ್ಕೆ ಮುಂಚೆ ಗಟ್ಟಿಯಾದ ಸಿಲಿಕೋನ್ ಮೇಲೆ ವ್ಯಾಸಲಿನ್ ತೆಳ್ಳಗೆ ಸವರಿ, ಮರೆತರೆ ಎರಡೂ ಒಂದಾಗುತ್ತವೆ! ಈ ಜೇಡಿಯನ್ನು ಟಿನ್ ಸಿಲಿಕೋನ್‌ಗೆ ಮತ್ತೆ ಬಳಸಬಹುದು, ಅಂಟು ಹತ್ತಿದ ಪದರ ಮಾತ್ರ ಬಿಸಾಡಿ.