ಸಹಾಯ ಬೇಕು: ಕಾದಂಬರಿಗೆ ಹವಾಮಾನ ವಿಜ್ಞಾನ ಬಲ್ಲವರು

ಎಲ್ಲರಿಗೂ ನಮಸ್ಕಾರ. ಭವಿಷ್ಯದಲ್ಲಿ ನಡೆಯುವ ಥ್ರಿಲ್ಲರ್ ಒಂದನ್ನು ಬರೆಯುತ್ತಿದ್ದೇನೆ, ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಕಥೆಯ ತಳಹದಿ ನಿಜವಾದದ್ದೇ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದು, ಒಂದೂವರೆ ಕೋಟಿ ಟನ್ನಿಗೂ ಹೆಚ್ಚು ಸಲ್ಫರ್ ಡೈಆಕ್ಸೈಡ್ ಸ್ಟ್ರಾಟೋಸ್ಫಿಯರ್ (ಮೋಡಗಳಿಗೂ ಮೇಲಿನ ವಾಯುಪದರ) ಸೇರಿ, ಬಿಸಿಲನ್ನು ವಾಪಸ್ ಕಳಿಸುವ ಸಣ್ಣ ಕಣಗಳಾಯಿತು. ಮರುವರ್ಷ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು ಅರ್ಧ ಡಿಗ್ರಿ ಇಳಿಯಿತು. ನನ್ನ ಕಥೆಯಲ್ಲಿ ಇದೇ ಕೆಲಸವನ್ನು ವಿಮಾನಗಳು ದಶಕಗಟ್ಟಲೆ ಮಾಡುತ್ತವೆ. ಆ ಕಣಗಳು ಒಂದೆರಡು ವರ್ಷದಲ್ಲಿ ಕೆಳಗಿಳಿದುಬಿಡುವುದರಿಂದ ಸಿಂಪಡಣೆ ನಿಲ್ಲಿಸುವ ಹಾಗಿಲ್ಲ. ಇತ್ತ ಕಾರ್ಬನ್ ಡೈಆಕ್ಸೈಡ್ ಜಮೆಯಾಗುತ್ತಲೇ ಇದೆ. ಹುಲಿಯ ಬಾಲ ಹಿಡಿದವರ ಪಾಡು! ಹಾಗಾಗಿ ನನ್ನ ಖಳನಾಯಕ ಬಾಂಬ್ ಹಾಕಬೇಕಿಲ್ಲ, ವಿಮಾನಗಳನ್ನು ನೆಲಕ್ಕೆ ಕೂರಿಸಿದರೆ ಸಾಕು. ತಡೆದಿಟ್ಟ ಬಿಸಿಯೆಲ್ಲ ಒಮ್ಮೆಗೇ ಮೈಮೇಲೆ ಬರುತ್ತದೆ.

ಇಲ್ಲೇ ನನ್ನ ಪ್ರಶ್ನೆ. ಸಿಂಪಡಣೆ ನಿಂತ ಎಷ್ಟು ತಿಂಗಳಿಗೆ ಬಿಸಿ ಏರುವುದು ಗೊತ್ತಾಗುತ್ತದೆ? ಅಷ್ಟರೊಳಗೆ ಇನ್ನೊಂದು ದೇಶ ಕೆಲಸ ಕೈಗೆತ್ತಿಕೊಳ್ಳಬಹುದೇ? ಕೈಗೆತ್ತಿಕೊಳ್ಳಬಹುದಾದರೆ ನನ್ನ ಅರ್ಧ ಕಥೆ ಬಿದ್ದುಹೋಗುತ್ತದೆ, ಮುಚ್ಚಿಡದೆ ಹೇಳಿ.

ಇನ್ನೊಂದು: ಉತ್ತರ ಗೋಳಾರ್ಧದಲ್ಲಷ್ಟೇ ಸಿಂಪಡಿಸಿದರೆ ಮಳೆಪಟ್ಟಿ ದಕ್ಷಿಣಕ್ಕೆ ಸರಿಯುತ್ತದಂತಲ್ಲ, ಆಗ ಬರ ಬಿದ್ದ ದೇಶ "ಇದು ನಿಮ್ಮಿಂದಲೇ" ಎಂದು ಸಾಬೀತು ಮಾಡುವುದು ಹೇಗೆ?

ಕಾನೂನು ಓದಿದವರಿಗೂ ಕೆಲಸವಿದೆ. 1977ರ ಎನ್‌ಮೋಡ್ ಒಪ್ಪಂದ ಹವಾಮಾನವನ್ನು ಯುದ್ಧಕ್ಕೆ ಬಳಸುವುದನ್ನು ನಿಷೇಧಿಸುತ್ತದೆ, ಶಾಂತಿಯುತ ಬಳಕೆಯನ್ನಲ್ಲ. ಸಿಂಪಡಣೆಯನ್ನು ಬೇಕೆಂದೇ ನಿಲ್ಲಿಸುವುದು ಯಾವುದರಲ್ಲಿ ಬರುತ್ತದೆ?

ರಾತ್ರೋರಾತ್ರಿ ಹಿಮಯುಗದಂಥ ಸಲಹೆ ಬೇಡ, ಅದು ಸಿನಿಮಾದವರಿಗಿರಲಿ. ಕಾಮೆಂಟಿನಲ್ಲೇ ಉತ್ತರಿಸಿದರೂ ಸಾಕು.