ಕ್ವಾಂಟನ್‌ನಿಂದ ಕ್ವಾಲಾ ತೆರೆಂಗಾನು: ಸಮುದ್ರದ ರಸ್ತೆಯೋ, ಎಕ್ಸ್‌ಪ್ರೆಸ್‌ವೇಯೋ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವಿರೋದು ಕ್ವಾಲಾಲಂಪುರದಲ್ಲಿ. ಡಿಸೆಂಬರ್ ಮೂರನೇ ವಾರ ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ. ಅವರನ್ನು ಕಾರಲ್ಲಿ ಮಲೇಷ್ಯಾದ ಪೂರ್ವ ಕರಾವಳಿಯ ಕ್ವಾಂಟನ್‌ನಿಂದ ಕ್ವಾಲಾ ತೆರೆಂಗಾನುವರೆಗೆ, ಸುಮಾರು 200 ಕಿ.ಮೀ., ಸಮುದ್ರದ ಪಕ್ಕದ ಫೆಡರಲ್ ರೂಟ್ 3ರಲ್ಲೇ ಕರೆದುಕೊಂಡು ಹೋಗಬೇಕು ಅಂತ ಆಸೆ. ಚೆರಾಟಿಂಗ್, ಕೆಮಾಮಾನ್, ದುಂಗುನ್, ಮರಾಂಗ್ ಊರುಗಳೆಲ್ಲ ಅದರಲ್ಲೇ ಸಿಗುತ್ತವೆ. ಅಪ್ಪ ಹೊನ್ನಾವರದವರು, ಕಡಲು ಕಂಡರೆ ಸಾಕು, ಗಾಡಿ ನಿಲ್ಲಿಸು ಅಂತಾರೆ.

ತೊಂದರೆ ಮಳೆಯದ್ದು. ಅಲ್ಲಿ ನವೆಂಬರ್‌ನಿಂದಲೇ ಈಶಾನ್ಯ ಮಾನ್ಸೂನ್. 2013ರ ಡಿಸೆಂಬರ್‌ನಲ್ಲಿ ಕೆಮಾಮಾನ್ ಮುಳುಗಿತ್ತು. ಮ್ಯಾಪ್ ಹಾಕಿದರೆ ಒಳಗಿನ ಎಕ್ಸ್‌ಪ್ರೆಸ್‌ವೇ ತೋರಿಸುತ್ತೆ. ಟೋಲ್ ಬೇಡ ಅಂದರೆ ಇನ್ನೂ ಒಳಗಿನ ಜೆರಾಂಗಾವ್ ರಸ್ತೆಗೆ ಎಳೆಯುತ್ತೆ. ಹೋಟೆಲ್‌ಗೆ ಫೋನ್ ಮಾಡಿದೆ, ಏನು ಕೇಳಿದರೂ "ಬೊಲೆ, ಬೊಲೆ" ಅಂದರು, ಅಂದರೆ ಆಗುತ್ತೆ ಅಂತ. ಅಮ್ಮನಿಗೆ ಮಂಡಿನೋವು, ನೀರಲ್ಲಿ ಸಿಕ್ಕಿಕೊಂಡರೆ ಕಷ್ಟ ಅಲ್ವಾ?

ಕೆಮಾಮಾನ್ ದಾಟುವವರೆಗೆ ಎಕ್ಸ್‌ಪ್ರೆಸ್‌ವೇ ಹಿಡಿದು, ಅದಾದ ಮೇಲೆ ಸಿಗುವ ಕೆರ್ತೆ ಊರಲ್ಲಿ ಇಳಿದು, ಅಲ್ಲಿಂದ ಕಡಲ ರಸ್ತೆ ಸೇರೋಣ ಅಂದುಕೊಂಡಿದ್ದೇನೆ. ಡಿಸೆಂಬರ್‌ನಲ್ಲಿ ಆ ಕಡೆ ಗಾಡಿ ಓಡಿಸಿದವರು ಯಾರಾದರೂ ಇದ್ದೀರಾ? ಕೆರ್ತೆಯಿಂದ ಮರಾಂಗ್‌ವರೆಗೆ ರಸ್ತೆ ಮೇಲೆ ನೀರು ನಿಲ್ಲುವ ಜಾಗ ಯಾವುವು?