ಅಪ್‌ಡೇಟ್: ವಿಂಡೋಸ್ 11ಕ್ಕೆ ಬದಲಾದೆ, ಎನ್‌ವಿಡಿಎ ಮಾತಾಡುತ್ತಿದೆ

ದೃಷ್ಟಿಯಿಲ್ಲದ ನಾನು ತುಮಕೂರಿನ ಮನೆಯ ಲ್ಯಾಪ್‌ಟಾಪನ್ನು ವಿಂಡೋಸ್ 10ರಿಂದ 11ಕ್ಕೆ ಬದಲಾಯಿಸಿದರೆ ಪರದೆ ಓದುವ ಎನ್‌ವಿಡಿಎ ಮೌನವಾಗಿಬಿಡುವುದೇ ಎಂದು ಹಿಂದೆ ಕೇಳಿದ್ದೆ. ಹಳೆಯದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದ್ದರಿಂದ, ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರುವುದನ್ನು ಖಚಿತಪಡಿಸಿಕೊಂಡು, ಇನ್‌ಸ್ಟಾಲ್ ಮಾಡದೆಯೇ ಓಡುವ ಎನ್‌ವಿಡಿಎಯ ಪೋರ್ಟಬಲ್ ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟು, ಭಾನುವಾರ ಕೆಲಸ ಆರಂಭಿಸಿದೆ.

ಲ್ಯಾಪ್‌ಟಾಪ್ ತಾನಾಗಿ ಆಫ್ ಆಗಿ ಆನ್ ಆಗುತ್ತಿದ್ದ ಸುಮಾರು 40 ನಿಮಿಷ ಯಾವ ದನಿಯೂ ಇರಲಿಲ್ಲ. ಫ್ಯಾನಿನ ಸದ್ದಿಗೆ ಕಿವಿಗೊಟ್ಟು, ಪವರ್ ಬಟನ್ ಮುಟ್ಟದೆ ಕುಳಿತಿದ್ದೆ. ನನಗೆ ಅತ್ಯಂತ ಕಷ್ಟವಾದದ್ದು ಈ ಕಾಯುವಿಕೆಯೇ. ಫ್ಯಾನ್ ಶಾಂತವಾದ ಮೇಲೆ ಕಂಟ್ರೋಲ್, ವಿಂಡೋಸ್, ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ವಿಂಡೋಸ್‌ನಲ್ಲೇ ಇರುವ ಪರದೆ ಓದುಗ ನರೇಟರ್ ಮಾತಾಡಿತು. ಲಾಗಿನ್ ಆದ ನಂತರ ಎನ್‌ವಿಡಿಎ ಎಂದಿನ ಕನ್ನಡ ದನಿಯಲ್ಲೇ ಓದತೊಡಗಿತು. ಸ್ಟಾರ್ಟ್ ಮೆನು ನಡುವಿಗೆ ಸರಿದಿದ್ದರೂ, ವಿಂಡೋಸ್ ಕೀಲಿ ಒತ್ತಿ ಹೆಸರು ಟೈಪಿಸುವ ನನಗೆ ವ್ಯತ್ಯಾಸವಾಗಲಿಲ್ಲ. ಹಿಂದಿನ ಆವೃತ್ತಿಗೆ ಮರಳಲು 10 ದಿನಗಳ ಅವಕಾಶವಿದ್ದು, ಅಷ್ಟರೊಳಗೆ ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶವನ್ನೂ ಪರೀಕ್ಷಿಸುತ್ತೇನೆ.